ಒಣ ಬಾವಿಗೆ ಬಿಟ್ಟ ಗಣಪತಿ

ನನ್ನ ತಂಗಿ ಅಮೆರಿಕದಲ್ಲಿ ಕೊಳಚೆಯ ಚರಿತ್ರೆ ಪಾಠ ಮಾಡುತ್ತಾಳೆ. ಊರಿನಲ್ಲಿ ಯಾರಾದರೂ ಕೇಳಿದರೆ ಬರೀ ಚರಿತ್ರೆ ಎಂದು ಹೇಳುತ್ತೇನೆ. ಪೂರ್ತಿ ಹೇಳಿದರೆ, ಅಷ್ಟು ದೂರ ಹೋಗಿ ಇದನ್ನಾ ಎನ್ನುತ್ತಾರೆ. ಹಿಂದಿನ ಕಾಲದಲ್ಲಿ, ಅಂದರೆ ನಮ್ಮ ಮುತ್ತಜ್ಜಿಯ ಅಜ್ಜಿ ಬದುಕಿದ್ದ ಕಾಲದಲ್ಲಿ, ಅಮೆರಿಕದ ಪಟ್ಟಣದ ಜನ ನೀರನ್ನು ಎಲ್ಲಿಂದ ತರುತ್ತಿದ್ದರು, ಬೇಡವಾದದ್ದನ್ನು ಎಲ್ಲಿಗೆ ಎಸೆಯುತ್ತಿದ್ದರು ಎನ್ನುವುದು ಅವಳ ವಿಷಯ. ಅದರ ಮೇಲೆ ಅವಳೊಂದು ಪುಸ್ತಕ ಬರೆಯುತ್ತಿದ್ದಳು. ಆ ಪುಸ್ತಕದ ಕೊನೆಯ ಅಧ್ಯಾಯವನ್ನು ಹಾಳು ಮಾಡಿದವಳು ನಾನು. ಮಾಡಿ, ಇನ್ನೊಬ್ಬರ ತಲೆಗೆ ಕಟ್ಟಿ, ಸುಮ್ಮನಿದ್ದವಳೂ ನಾನೇ.

ನಾನು ಓದಿದ್ದು ಆರನೇ ಕ್ಲಾಸು. ಮಂಡ್ಯದ ನಮ್ಮ ಬೀದಿಯ ನಲ್ಲಿಗೆ ನೀರು ಬರುತ್ತಿದ್ದದ್ದು ಸರಿಯಾಗಿ ಸ್ಕೂಲಿನ ಬೆಲ್ ಹೊಡೆಯುವ ಹೊತ್ತಿಗೆ. ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳು ಕೊಡ ಹಿಡಿದು ನಿಲ್ಲಬೇಕಿತ್ತು, ನಾನು ಎತ್ತರವಾಗಿದ್ದೆ. ತಂಗಿ ಇದನ್ನು ನೆನೆಸಿಕೊಂಡು ಈಗಲೂ ಕಣ್ಣಲ್ಲಿ ನೀರು ತಂದುಕೊಳ್ಳುತ್ತಾಳೆ. ನನಗೆ ಗಣಿತ ಬರುತ್ತಿರಲಿಲ್ಲವಾದ್ದರಿಂದ ಅಂಥ ನಷ್ಟವೇನೂ ಆದಂತೆ ಅನ್ನಿಸಿಲ್ಲ.

ಕೋವಿಡ್ ಮುಗಿದು ವಿಮಾನಗಳು ಮೊದಲಿನಂತೆ ಓಡಾಡತೊಡಗಿದ ಮೇಲೆ ಒಂದು ಬೇಸಿಗೆಯಲ್ಲಿ ತಂಗಿ ನನ್ನನ್ನು ಕರೆಸಿಕೊಂಡಳು. ಪುಸ್ತಕ ಮುಗಿಸುವವರೆಗೆ ಅಡುಗೆಮನೆ ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಅವಳದು ಕಾಲೇಜಿನಲ್ಲಿ ಕಾಯಂ ಕೆಲಸವಲ್ಲ, ವರ್ಷವರ್ಷವೂ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಕಾಯುವ ಕೆಲಸ. ಪುಸ್ತಕ ಚೆನ್ನಾಗಿ ಬಂದರೆ ಕಾಯಂ ಆಗಬಹುದು ಎಂಬ ಆಸೆಯಿತ್ತು. ಅವಳ ಗಂಡ ಧಾರವಾಡದ ಕಡೆಯವರು, ಕಂಪನಿಗಳೇ ತುಂಬಿರುವ ರಿಸರ್ಚ್ ಟ್ರಯಾಂಗಲ್ ಪಾರ್ಕ್‌ನ ಒಂದು ಔಷಧದ ಕಂಪನಿಯಲ್ಲಿ ಎಂಜಿನಿಯರು. ಅವರ ಜೊತೆಯವರೆಲ್ಲ ಕ್ಯಾರಿ ಎಂಬ ಊರಿನಲ್ಲಿ ಒಂದೇ ಅಚ್ಚಿನಲ್ಲಿ ಹೊಯ್ದಂಥ ಹೊಸ ಮನೆಗಳನ್ನು ಕೊಂಡರೆ ಇವರು ಪಕ್ಕದ ಏಪೆಕ್ಸ್‌ನಲ್ಲಿ ರೈಲು ಹಳಿಯ ಹತ್ತಿರ ಮರದ ಹಳೇ ಮನೆ ಕೊಂಡಿದ್ದರು.

“ಎಲ್ಲಾರೂ ಸ್ಕೂಲ್ ನೋಡಿ ಮನಿ ತೊಗೋತಾರ್ರಿ ಅಕ್ಕಾರ” ಎಂದರು ನಾನು ಬಂದ ದಿನವೇ. “ನಿಮ್ಮ ತಂಗಿ ತಗ್ಗು ನೋಡಿ ತೊಗೊಂಡ್ಲು.”

ಆ ತಗ್ಗು ಹಿತ್ತಲಲ್ಲಿತ್ತು. ಮನೆ ಕಟ್ಟಿದ ಕಾಲದ ಸೇದುವ ಬಾವಿ. ನೀರಿಲ್ಲದೆ ಎಷ್ಟು ಕಾಲವಾಗಿತ್ತೋ, ಅರ್ಧಕ್ಕರ್ಧ ತುಂಬಿಕೊಂಡಿತ್ತು. ಬಾಯಿಗೆ ಹಲಗೆ ಹಾಕಿ, ಅದರ ಮೇಲೆ ತಗಡು ಹೊದಿಸಿ, ತಗಡಿನ ಮೇಲೆ ಒಂದು ಹೂವಿನ ಕುಂಡ ಇಟ್ಟಿದ್ದರು. ಕುಂಡ ಸರಿಸಿ ತಗಡು ಎತ್ತಿದರೆ ಒಂದು ಹಲಗೆ ಕೊಳೆತು ಬಿದ್ದು, ತೆಂಗಿನಕಾಯಿ ಹಿಡಿಸುವಷ್ಟು ಜಾಗ ಬಿಟ್ಟಿತ್ತು. ತೆಂಗಿನಕಾಯಿ ಹಿಡಿಸುತ್ತದೆ ಎಂಬುದು ನನಗೆ ಹೇಗೆ ಗೊತ್ತು ಎನ್ನುವುದೇ ಈ ಬರಹ.

ನಾನು ಬೆಳಿಗ್ಗೆ ಪೂಜೆ ಮಾಡುವವಳು. ಪೂಜೆ ಮಾಡಿದರೆ ನಿರ್ಮಾಲ್ಯ ಆಗುತ್ತದೆ. ನಿನ್ನೆಯ ಹೂವು, ಅರಿಶಿನದ ಅಕ್ಷತೆ, ಸುಟ್ಟ ಬತ್ತಿ, ವೀಳ್ಯದೆಲೆ. ಅದನ್ನು ತುಳಿಯುವ ಕಡೆ ಹಾಕುವಂತಿಲ್ಲ, ಎಂಜಲಿನ ಜೊತೆ ಹಾಕುವಂತಿಲ್ಲ. ಮಂಡ್ಯದಲ್ಲಿ ನಾಲೆಗೆ ಬಿಡುತ್ತಿದ್ದೆವು. ನಾಲೆ ಮುಂದಿನ ಊರಿಗೆ ಹೋಗುತ್ತದೆ. ಮುಂದಿನ ಊರಿನವರು ಅದನ್ನು ಏನು ಮಾಡುತ್ತಿದ್ದರೋ ಕೇಳಿದವರಿಲ್ಲ. ಇಲ್ಲಿ ತಂಗಿ ಅಡುಗೆಮನೆಯ ಕಸದ ಡಬ್ಬ ತೋರಿಸಿದಳು. ಅದರೊಳಗೆ ಅವಳ ಗಂಡ ಹಿಂದಿನ ದಿನ ತಿಂದು ಬಿಸಾಡಿದ ಕೋಳಿ ಮೂಳೆಯ ಪೊಟ್ಟಣವಿತ್ತು. ದೇವರ ತಲೆಯ ಮೇಲಿದ್ದ ಹೂವನ್ನು ಅದರ ಮೇಲೆ ಹಾಕಲು ನನ್ನ ಕೈ ಬರಲಿಲ್ಲ. ಗುಲಾಬಿ ಗಿಡದ ಬುಡಕ್ಕೆ ಹಾಕಿ ನೋಡಿದೆ. ಜಿಂಕೆ ಬಂದು ನಿರ್ಮಾಲ್ಯ ತಿಂದು, ಬಂದಿದ್ದಕ್ಕೆ ಗುಲಾಬಿಯನ್ನೂ ತಿಂದು ಹೋಯಿತು. ತಂಗಿ ಬೇಡ ಎಂದಳು. ಆಮೇಲೆ ನಾನು ಕುಂಡ ಸರಿಸಿದೆ. ಯಾರಿಗೂ ತೊಂದರೆಯಿಲ್ಲದ ಜಾಗ, ಯಾರೂ ತುಳಿಯದ ಜಾಗ, ಅದೂ ಬಾವಿ. ಇದಕ್ಕಿಂತ ಒಳ್ಳೆಯದು ಸಿಕ್ಕದು ಅನ್ನಿಸಿತು. ತಂಗಿಗೆ ಹೇಳಲಿಲ್ಲ. ಮುಚ್ಚಿಡಬೇಕೆಂದೇನಲ್ಲ, ಹೇಳುವಂಥ ವಿಷಯ ಅನ್ನಿಸಲಿಲ್ಲ.

ಸಾಯಂಕಾಲ ನಾನು ಹುರುಳಿಕಾಯಿ ಬಿಡಿಸುತ್ತ ಕೂತರೆ ತಂಗಿ ಎದುರಿಗೆ ಕೂತು ಅವತ್ತು ಬರೆದದ್ದನ್ನು ಕನ್ನಡದಲ್ಲಿ ಹೇಳುತ್ತಿದ್ದಳು. “ನಿಂಗೆ ಅರ್ಥ ಆದ್ರೆ ಎಲ್ರಿಗೂ ಅರ್ಥ ಆಗತ್ತೆ ಅಕ್ಕ” ಎಂದಳು. ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಹೀಗೆ ನಾನು ಅಮೆರಿಕ ನೋಡುವುದಕ್ಕಿಂತ ಮೊದಲು ಅದರ ಹಿತ್ತಲನ್ನು ನೋಡಿದೆ. ಪೇಟೆಯ ಬೀದಿಗಳಲ್ಲಿ ಹಂದಿ ಬಿಟ್ಟುಕೊಂಡಿದ್ದರಂತೆ, ಜನ ಎಸೆದದ್ದನ್ನು ತಿನ್ನಲಿ ಎಂದು. ಕಕ್ಕಸು ಗುಂಡಿ ತುಂಬಿದರೆ ಗಾಡಿಯವರು ಕತ್ತಲಾದ ಮೇಲೆ ಬಂದು ತುಂಬಿಕೊಂಡು ಹೋಗಿ ಊರಾಚೆ ಸುರಿಯುತ್ತಿದ್ದರಂತೆ. ಅಟ್ಲಾಂಟಾದಲ್ಲಿ ಊರ ನಡುವೆ ಬಹಳ ಆಳಕ್ಕೆ ಬಾವಿ ಕೊರೆದು, ಊರಿಗೆಲ್ಲ ನೀರಾಯಿತು ಎಂದು ಖುಷಿಪಟ್ಟು, ಕೆಲವೇ ಕಾಲದಲ್ಲಿ ಅದಕ್ಕೂ ಕೊಳೆ ಸೇರಿ ಕೈಬಿಟ್ಟರಂತೆ.

“ಹಿತ್ತಲಲ್ಲಿ ಒಂದ್ ಕಡೆ ಬಾವಿ, ಪಕ್ಕದಲ್ಲೇ ಕಕ್ಕಸು ಗುಂಡಿ” ಎಂದಳು ತಂಗಿ ಒಂದು ದಿನ. “ಎರಡಕ್ಕೂ ಮಣ್ಣು ಒಂದೇ. ಒಳಗೊಳಗೇ ಸೇರ್ಕೊಳ್ತಿತ್ತು.”

“ಗೊತ್ತಾಗ್ತಿರ್ಲಿಲ್ವಾ ಅವರ್ಗೆ?”

“ಕಣ್ಣಿಗೆ ಕಾಣ್ಲಿಲ್ಲ ಅಂದ್ರೆ ಹೋಯ್ತು ಅಂತ ಲೆಕ್ಕ.”

“ದಡ್ಡ ಮುಂಡೇವು” ಎಂದೆ.

“ಇನ್ನೂ ಕೇಳು. ಆಮೇಲೆ ಪೈಪಲ್ಲಿ ನೀರ್ ಬಂತು. ಎಲ್ಲಾ ಕುಣಿದ್ರು. ಮನೆ ಒಳಗೇ ಕಕ್ಕಸು ಮಾಡ್ಕೊಂಡ್ರು, ನೀರ್ ಸುರಿದ್ರು. ಆ ನೀರು ಎಲ್ಲಿಗೆ ಹೋಗ್ಬೇಕು ಅಂತ ಯೋಚ್ನೆ ಮಾಡೇ ಇರ್ಲಿಲ್ಲ. ಮೋರಿನೇ ಇಲ್ಲ. ಹಳೇ ಗುಂಡಿ ತುಂಬಿ ಉಕ್ಕಿ ಅಂಗಳಕ್ಕೆ ಬಂತು.”

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ತಂಗಿಗೂ ನಗು ಬಂತು. ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ, ನಿರ್ಮಾಲ್ಯ ತೆಗೆದುಕೊಂಡು ಹೋಗಿ ಬಾವಿಗೆ ಹಾಕಿ, ತಗಡು ಮುಚ್ಚಿ ಕುಂಡ ಇಟ್ಟೆ. ಎರಡಕ್ಕೂ ಸಂಬಂಧವಿದೆ ಎಂದು ನನಗೆ ಹೊಳೆಯಲೇ ಇಲ್ಲ. ನಾನು ಸುಳ್ಳು ಹೇಳುತ್ತಿಲ್ಲ. ಹೊಳೆದಿದ್ದರೆ ನನ್ನ ತಪ್ಪು ಇನ್ನೂ ದೊಡ್ಡದಾಗುತ್ತಿತ್ತು, ಆದರೆ ನನ್ನ ಬಗ್ಗೆ ನನಗೆ ಸ್ವಲ್ಪ ಗೌರವ ಉಳಿಯುತ್ತಿತ್ತು.

ಆಗಸ್ಟಿನಲ್ಲಿ ತಂಗಿಗೆ ವಾಷಿಂಗ್ಟನ್ನಿನಲ್ಲಿ ಹಳೇ ನಕ್ಷೆಗಳನ್ನು ನೋಡುವ ಕೆಲಸವಿತ್ತು. ನನ್ನನ್ನೂ ಕಾರಿನಲ್ಲಿ ಕರೆದುಕೊಂಡು ಹೋದಳು. ವಾಷಿಂಗ್ಟನ್ನಿಗೆ ಹೋದವರಿಗೆ ಬಿಳಿ ಮನೆ ತೋರಿಸುತ್ತಾರೆ. ಅವಳು ನನ್ನನ್ನು ಒಂದು ಅಗಲವಾದ ರಸ್ತೆಯ ಪಕ್ಕ ನಿಲ್ಲಿಸಿ, “ಇದ್ರ ಕೆಳಗೆ” ಎಂದಳು. ಹಿಂದೆ ಅಲ್ಲಿ ದೋಣಿ ಓಡಾಡುವ ಕಾಲುವೆಯಿತ್ತಂತೆ. ಮಾರ್ಕೆಟ್ಟಿನವರು ಕೊಳೆತ ಸೊಪ್ಪು, ಮೀನಿನ ತಲೆ ಹಾಕಿದರು. ಮೋರಿಗಳನ್ನು ಅದಕ್ಕೇ ತಿರುಗಿಸಿದರು. ದೋಣಿ ನಿಂತಿತು, ನಾತ ಮಾತ್ರ ನಿಲ್ಲಲಿಲ್ಲ. ಕೊನೆಗೆ ಮುಚ್ಚಿ ಮೇಲೆ ರಸ್ತೆ ಮಾಡಿದರು. ಮೂಲೆಯಲ್ಲಿ ಕಾಲುವೆ ಕಾಯುವವನು ಇದ್ದ ಪುಟ್ಟ ಕಲ್ಲು ಮನೆ ಉಳಿದಿತ್ತು. ಅದರ ಮುಂದೆ ನನ್ನ ಫೋಟೋ ತೆಗೆದಳು. ಊರಿನವರಿಗೆ ಕಳಿಸಿದೆ. ಯಾರ ಮನೆ ಎಂದು ಕೇಳಿದರು, ನೀರುಗಂಟಿಯದು ಎಂದೆ.

ಆ ಕಲ್ಲು ಮನೆಯ ಹತ್ತಿರ ನೆರಳಿನಲ್ಲಿ ಕೂತಾಗಲೇ ಅವಳು ನಮ್ಮ ಬಾವಿಯ ವಿಷಯ ತೆಗೆದದ್ದು.

“ನಮ್ಮನೆ ಬಾವೀನ ಅಕ್ಟೋಬರಲ್ಲಿ ತೆಗೆಸ್ತಿದೀನಿ. ನಮ್ಮ ಕಾಲೇಜಿನ ಉತ್ಖನನದ ಪ್ರೊಫೆಸರ್ ಬರ್ತಾರೆ. ಪೈಪ್ ನೀರು ಬಂದ್ಮೇಲೆ ಆ ಮನೆಯವರು ಬೇಡದ್ದೆಲ್ಲ ಅದಕ್ಕೇ ಎಸೆದಿರ್ತಾರೆ ಅಕ್ಕ. ಒಡೆದ ತಟ್ಟೆ, ಔಷಧಿ ಬಾಟ್ಲು, ಮೂಳೆ, ಅಂಗಿ ಗುಂಡಿ. ನನ್ ಲಾಸ್ಟ್ ಚಾಪ್ಟರ್ ಅದೇ. ಒಂದು ಮನೆ, ಒಂದು ಬಾವಿ.”

“ಏನೂ ಇಲ್ದೇ ಇದ್ರೆ?”

“ಇರತ್ತೆ. ಯಾಕೆ ಅಂದ್ರೆ ಅದನ್ನ ಅವತ್ತಿಂದ ಯಾರೂ ಮುಟ್ಟಿಲ್ಲ.”

“ಯಾರೂನಾ?”

“ಯಾರೂ.”

ಹೇಳುವುದಕ್ಕೆ ಅದಕ್ಕಿಂತ ಸರಿಯಾದ ಸಮಯ ಇರಲಿಲ್ಲ. ನಾನು ಹಸಿವಾಗುತ್ತಿದೆ ಎಂದೆ. ಇಬ್ಬರೂ ಚಿತ್ರಾನ್ನದ ಡಬ್ಬಿ ಬಿಚ್ಚಿದೆವು.

ಏಪೆಕ್ಸ್‌ಗೆ ವಾಪಸ್ಸು ಬಂದ ಮೇಲೆ ಕೆಲವು ದಿನ ನಿರ್ಮಾಲ್ಯವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಗ್ಯಾರೇಜಿನಲ್ಲಿ ಇಟ್ಟೆ. ಅಲ್ಲಿಯ ಸೆಕೆಗೆ ಅದು ಬೆಂದು, ಸಣ್ಣ ನೊಣ ಎದ್ದವು. “ಏನ್ರಿ ಅಕ್ಕಾರ, ಗ್ಯಾರೇಜಿನ್ಯಾಗ ಗುಡಿ ವಾಸನಿ” ಎಂದರು ತಂಗಿಯ ಗಂಡ. ನಾನು ಮತ್ತೆ ಕುಂಡ ಸರಿಸಿದೆ. ಆಗಲೇ ಇಷ್ಟು ಬಿದ್ದಿದೆ, ಇನ್ನಷ್ಟು ಬಿದ್ದರೆ ಬೇರೆ ಏನಾಗುತ್ತದೆ ಎಂದು ಲೆಕ್ಕ ಹಾಕಿದೆ. ಗಣಿತ ಬರುತ್ತಿರಲಿಲ್ಲ ಎಂದು ಆಗಲೇ ಹೇಳಿದ್ದೇನೆ.

ಸೆಪ್ಟೆಂಬರಿನಲ್ಲಿ ಗೌರಿ ಗಣೇಶ ಬಂತು. ಇಂಡಿಯನ್ ಅಂಗಡಿಯಿಂದ ಮಣ್ಣಿನ ಗಣಪತಿ ತಂದೆವು, ನನ್ನ ಮೊಳಕೈಯಷ್ಟು ಎತ್ತರದ್ದು, ಮುಖ ಬಹಳ ಲಕ್ಷಣವಾಗಿತ್ತು. ಅಲ್ಲಿಯವರೆಲ್ಲ ವಿಸರ್ಜನೆಯನ್ನು ಬಕೆಟ್ಟಿನಲ್ಲೋ ಟಬ್ಬಿನಲ್ಲೋ ಮಾಡಿ, ಆ ಕೆಸರನ್ನು ಗಿಡಕ್ಕೆ ಹಾಕುತ್ತಾರೆ. ಬಚ್ಚಲುಮನೆಯ ಬಕೆಟ್ಟು. ಅದರಲ್ಲಿ ಗಣಪತಿ ತಲೆಕೆಳಗಾಗಿ ನಿಂತಿರುವುದನ್ನು ನೆನೆಸಿಕೊಂಡೇ ನನಗೆ ಸಂಕಟವಾಯಿತು. ಬಿಡುವ ದಿನ ಗಂಡಹೆಂಡತಿ ಇಬ್ಬರಿಗೂ ಕೆಲಸವಿತ್ತು, ಸಾಯಂಕಾಲ ಬಂದು ಬಿಡೋಣ ಎಂದು ಹೋದರು. ಮಧ್ಯಾಹ್ನ ನಾನೊಬ್ಬಳೇ ಮಂಗಳಾರತಿ ಮಾಡಿ, ಸಾಮಾನು ಕಟ್ಟುವ ನೈಲಾನ್ ಹಗ್ಗದಿಂದ ಗಣಪತಿಯನ್ನು ಬಿಗಿದು, ಇನ್ನೊಂದು ಹಲಗೆ ಕಿತ್ತು, ಬಾವಿಗೆ ಇಳಿಸಿದೆ. ಕೆಳಗೆ ಮುಟ್ಟಿದ್ದು ಕೈಗೆ ಗೊತ್ತಾಯಿತು. ಹಗ್ಗ ಬಿಟ್ಟೆ. ಬಗ್ಗಿ ನೋಡಿದರೆ ಗಣಪತಿ ನೆಟ್ಟಗೆ ಕೂತು ಮೇಲಕ್ಕೆ ನೋಡುತ್ತಿದ್ದ.

ಒಣ ಬಾವಿಯಲ್ಲಿ ಗಣಪತಿ ಕರಗುವುದಿಲ್ಲ ಎಂಬುದನ್ನು ನಾನು ಯೋಚಿಸಿರಲಿಲ್ಲ.

ಹಾಗೇ ಬಿಟ್ಟರೆ ಅದು ವಿಸರ್ಜನೆಯಾಗುವುದಿಲ್ಲ, ದೇವರನ್ನು ಗುಂಡಿಗೆ ತಳ್ಳಿದಂತಾಗುತ್ತದೆ. ಗಿಡಕ್ಕೆ ನೀರು ಬಿಡುವ ಪೈಪನ್ನು ಎಳೆದು ತಂದು ಬಾವಿಯೊಳಗೆ ಬಿಟ್ಟೆ. ಮಂಡ್ಯದಲ್ಲಿ ಒಂದು ಕೊಡಕ್ಕೆ ಜಗಳ ಆಡಿದವಳು ನಾನು. ಇಲ್ಲಿ ನಲ್ಲಿ ತಿರುಗಿಸಿದರೆ ಹಗಲಿಡೀ ಬರುತ್ತದೆ, ಯಾರೂ ಸಾಲಿನಲ್ಲಿ ನಿಂತು ಬೈಯುವುದಿಲ್ಲ. ಒಳಗೆ ಬಂದು ಟೀ ಕುಡಿದೆ, ಸ್ವಲ್ಪ ಒರಗಿದೆ. ಎದ್ದು ಹಿತ್ತಲಿಗೆ ಹೋಗುವಾಗ ಬಾವಿಯೊಳಗಿನಿಂದ ಭತ್ತದ ಮೂಟೆ ಕೆಡವಿದಂಥ ಸದ್ದು ಬಂತು. ಗಣಪತಿ ಕರಗಿದ ಎಂದುಕೊಂಡು ನಿಂತಲ್ಲೇ ಕೈಮುಗಿದೆ. ನಲ್ಲಿ ನಿಲ್ಲಿಸಿ, ಎಲ್ಲ ಮುಚ್ಚಿ, ಕುಂಡ ಇಟ್ಟೆ.

“ಗಣಪತಿ ಎಲ್ಲಿ?” ಎಂದಳು ತಂಗಿ ಸಾಯಂಕಾಲ.

“ಬಿಟ್ಟೆ.”

“ಬಕೆಟ್ಟಲ್ಲಿ?”

“ಹೂಂ.”

“ಅಯ್ಯೋ, ಕಾಯ್ಬಾರ್ದಿತ್ತಾ” ಎಂದಳು. ಅದು ನಾನು ಹೇಳಿದ ಮೊದಲ ಸುಳ್ಳು. ಒಂದೇ ಅಕ್ಷರದ್ದು.

ಅಕ್ಟೋಬರಿನ ಒಂದು ಬೆಳಿಗ್ಗೆ ಪ್ರೊಫೆಸರ್ ಬಂದರು. ನೆರೆಗೂದಲಿನ ಅಮೆರಿಕದ ಹೆಂಗಸು, ಮಂಡಿಗೆ ರಬ್ಬರ್ ಪಟ್ಟಿ ಕಟ್ಟಿಕೊಂಡಿದ್ದರು. ಜೊತೆಗೆ ಸಹಾಯಕ್ಕೆ ಒಬ್ಬರು ಬಂದು ಮುಕ್ಕಾಲಿ, ರಾಟೆ, ದೊಡ್ಡ ದೀಪ ಎಲ್ಲ ಇಳಿಸಿದರು. ತಂಗಿ ಅವತ್ತು ಹೊಸ ಕುರ್ತಾ ಹಾಕಿದ್ದಳು. ಅವಳ ಗಂಡ ರಜ ಹಾಕಿದ್ದರು. ನಾನು ಎಲ್ಲರಿಗೂ ಉಪ್ಪಿಟ್ಟು ಮಾಡಿ ಕೊಟ್ಟು, ಪ್ರೊಫೆಸರ್ ಎರಡನೇ ಸಲ ಹಾಕಿಸಿಕೊಂಡರೆ ತಡವಾಗುತ್ತದಲ್ಲ ಎಂದು ಆಸೆಪಟ್ಟೆ. ಅವರು ಹಾಕಿಸಿಕೊಳ್ಳಲಿಲ್ಲ.

ಕುಂಡ ಸರಿಸಿದರು, ತಗಡು ಎತ್ತಿದರು, ಹಲಗೆ ತೆಗೆದರು. ಪ್ರೊಫೆಸರ್ ಮಂಡಿಯೂರಿ ದೀಪ ಬಿಟ್ಟು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ತಂಗಿಯನ್ನು ಕರೆದರು. ತಂಗಿ ಬಗ್ಗಿ ನೋಡಿದಳು. ಅವಳ ಗಂಡನೂ ಬಗ್ಗಿ ನೋಡಿದರು. ನಾನೂ ನೋಡಿದೆ, ನೋಡದಿದ್ದರೆ ಚೆನ್ನಾಗಿರುವುದಿಲ್ಲ ಎಂದು.

ಒಂದು ಕಡೆಯ ಇಟ್ಟಿಗೆ ಗೋಡೆ ಪೂರ್ತಿ ಕುಸಿದು, ಹಿಂದಿನ ಕೆಂಪು ಮಣ್ಣು ಹಸಿಹಸಿಯಾಗಿ ಕಾಣುತ್ತಿತ್ತು. ನನ್ನ ಬೇಸಿಗೆಯ ಹೂವೆಲ್ಲ ಅದರಡಿ ಸೇರಿತ್ತು. ಮೇಲೆ ಉಳಿದಿದ್ದು ಎರಡು ತೆಂಗಿನ ಕರಟ, ಒಂದಿಷ್ಟು ನೈಲಾನ್ ಹಗ್ಗ, ಮತ್ತು ಗಣಪತಿಯ ಹೊಟ್ಟೆ. ಸೊಂಡಿಲು, ಕೈ, ಕಿವಿ ಏನೂ ಇರಲಿಲ್ಲ. ಹೊಟ್ಟೆ ಮಾತ್ರ ಗುಂಡಗೆ ಕೂತಿತ್ತು.

ಪ್ರೊಫೆಸರ್ ಇಂಗ್ಲಿಷಿನಲ್ಲಿ ನಿಧಾನವಾಗಿ ಏನೋ ಹೇಳಿದರು. ತಂಗಿಯ ಗಂಡ ನನಗೆ ಕನ್ನಡದಲ್ಲಿ ಹೇಳಿದರು. “ಗಾರೆ ಇಲ್ದ ಇಟ್ಟಂಗಿ ಅಂತ್ರಿ ಅಕ್ಕಾರ. ಯಾರೋ ನೀರು ಬಿಟ್ಟಾರ. ಮಣ್ಣು ಉಬ್ಬಿ ಗ್ವಾಡಿ ಕುಸದೈತಿ. ಇನ್ನ ಒಳಗ ಯಾರನ್ನೂ ಇಳಸೂದಿಲ್ಲ ಅಂತಾರ. ಉಳದಿದ್ದೂ ಬೀಳ್ತದ. ಮುಚ್ಚಸ್ಬೇಕಂತ.”

ತಂಗಿ ಅಳಲಿಲ್ಲ. ಹೊಟ್ಟೆಯನ್ನೇ ನೋಡುತ್ತ ನಿಂತಿದ್ದವಳು, “ಅತ್ತೆ” ಎಂದಳು.

ಅವಳ ಅತ್ತೆ ಹಿಂದಿನ ವರ್ಷದ ಗಣೇಶ ಹಬ್ಬಕ್ಕೆ ಧಾರವಾಡದಿಂದ ಬಂದು ಅಲ್ಲಿದ್ದರು. ಒಳ್ಳೆಯ ಹೆಂಗಸು. ನಾನು ಹೊರಡುವಾಗ, ಅಲ್ಲಿ ತಿನ್ನಲು ಬಾಯಿಗೆ ರುಚಿ ಇರುವುದಿಲ್ಲ ಎಂದು ಶೇಂಗಾ ಚಟ್ನಿಪುಡಿ ಮಾಡಿ ಮಂಡ್ಯಕ್ಕೆ ಪಾರ್ಸಲ್ ಕಳಿಸಿದ್ದರು.

“ನಮ್ಮವ್ವ ಟಬ್ಬಿನ್ಯಾಗ ಬಿಟ್ಟಿದ್ಲಲ್ಲ?” ಎಂದರು ಗಂಡ.

“ನೀವು ನೋಡಿದ್ರಾ?”

“ನಾ ಮೀಟಿಂಗಿನ್ಯಾಗ ಇದ್ದೆ.”

“ನಾನ್ ಕಾಲೇಜಲ್ಲಿದ್ದೆ. ಮತ್ತೆ?”

ಇಬ್ಬರೂ ನನ್ನ ಕಡೆ ನೋಡಿದರು. ನಾನು ಸುಮ್ಮನಿದ್ದೆ ಎಂದು ಈ ಬರಹದ ಮೊದಲಲ್ಲಿ ಬರೆದಿದ್ದೇನೆ. ಅದು ಪೂರ್ತಿ ನಿಜವಲ್ಲ. “ವಯಸ್ಸಾದವರು, ಪಾಪ” ಎಂದೆ.

ಮುಂದಿನ ವಾರ ಒಂದು ಲಾರಿ ಜಲ್ಲಿ ಬಂದು ಬಾವಿಯನ್ನು ಮುಚ್ಚಿ ಹೋಯಿತು. ಆ ಭಾನುವಾರ ತಂಗಿಯ ಗಂಡ ತಾಯಿಗೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿ ಟೇಬಲ್ಲಿನ ಮೇಲಿಟ್ಟರು. ನಾನು ಚಪಾತಿ ಲಟ್ಟಿಸುತ್ತಿದ್ದೆ.

“ನಾ ಯಾಕ ಬಾವ್ಯಾಗ ಒಗೀಲೋ?” ಎಂದಿತು ಫೋನು. “ಗಣಪ್ಪನ್ನ ಟಬ್ಬಿನ್ಯಾಗ ಬಿಟ್ಟೆ. ಹೂವಾ ಎಲ್ಲಾ ಒಣಗಿಸಿ ಚೀಲದಾಗ ಕಟ್ಕೊಂಡು ಬಂದು ಇಲ್ಲೆ ಹೊಳಿಗೆ ಬಿಟ್ಟೇನಿ.”

“ಇಲ್ಲಿಂದ ಧಾರವಾಡಕ್ಕ? ಒಣಾ ಹೂವಾ?”

“ಹೂಂ, ಸೂಟ್‌ಕೇಸಿನ್ಯಾಗ.”

“ಯವ್ವಾ, ಏನರ ಮಾತಾಡ್ಬ್ಯಾಡ. ಗಣಪ್ಪನ ಹೊಟ್ಟಿ ನಾ ಕಣ್ಣಾರೆ ನೋಡೇನಿ.”

“ಹಂಗಾದ್ರ ಒಗದಿರ್ಬೇಕು ತಗೋ” ಎಂದಿತು ಫೋನು, ಸಣ್ಣ ದನಿಯಲ್ಲಿ. “ನೆನಪ ಇಲ್ಲ.”

ಅವತ್ತು ನನ್ನ ಚಪಾತಿಗಳು ಬಹಳ ದುಂಡಗೆ ಬಂದವು.

ತಂಗಿ ಸೋಲುವವಳಲ್ಲ. ಬಾವಿಯಲ್ಲಿ ಸಿಗದ ಅಧ್ಯಾಯವನ್ನು ಅವಳು ಬೇರೆ ರೀತಿ ಬರೆದಳು. ಆಗಿನವರನ್ನು ನೋಡಿ ನಗುವ ಮೊದಲು ನನ್ನ ಹಿತ್ತಲನ್ನು ನೋಡಿ ಎಂದು ಶುರುವಾಗುತ್ತಿತ್ತು. ದೇವರ ಹೂವನ್ನು ಕಸಕ್ಕೆ ಹಾಕಲಾರದ ಒಬ್ಬ ಅತ್ತೆ, ಮುಚ್ಚಿದ ಬಾವಿ, ನೀರಿನ ಪೈಪು. ನಾನು ಹುರುಳಿಕಾಯಿ ಬಿಡಿಸುತ್ತ ಅದನ್ನೂ ಕೇಳಿದೆ. ಚೆನ್ನಾಗಿತ್ತು. ಆ ಅತ್ತೆಯ ಮನಸ್ಸಿನಲ್ಲಿ ಏನಿತ್ತು ಎಂದು ಅವಳು ಊಹಿಸಿ ಬರೆದದ್ದು ಬಹುಪಾಲು ಸರಿಯಾಗಿತ್ತು.

“ಹೇಗಿದೆ ಅಕ್ಕ?”

“ಅವರ್ಗೆ ಬೇಜಾರಾಗಲ್ವಾ, ಪುಸ್ತಕದಲ್ಲಿ ಬಂದ್ರೆ?”

“ಹೆಸ್ರು ಹಾಕಿಲ್ವಲ್ಲ. ಮತ್ತೆ ಅವರೇ ಒಪ್ಕೊಂಡಿದಾರೆ.”

ನವೆಂಬರಿನಲ್ಲಿ ಲೈಬ್ರರಿಯಲ್ಲಿ ಅವಳು ಅದನ್ನು ಓದಿದಳು. ಒಂದು ಸಾಯಂಕಾಲ, ಕುರ್ಚಿಗಳೆಲ್ಲ ತುಂಬಿದ್ದವು, ಕ್ಯಾರಿಯಿಂದ ನಮ್ಮವರೂ ಕೆಲವರು ಬಂದಿದ್ದರು. ನನಗೆ ಇಂಗ್ಲಿಷ್ ತಿಳಿಯದಿದ್ದರೂ ಎಲ್ಲಿ ಏನು ಬರುತ್ತದೆ ಎಂದು ಬಾಯಿಪಾಠವಾಗಿತ್ತು. ಮದರ್ ಇನ್ ಲಾ ಎಂದಾಗಲೆಲ್ಲ ಜನ ನಗುತ್ತಿದ್ದರು. ಪಕ್ಕದಲ್ಲಿದ್ದ ಒಬ್ಬ ಆಂಟಿ ಕನ್ನಡದಲ್ಲೇ ನನ್ನ ಕಿವಿಯಲ್ಲಿ, “ನಮ್ಮತ್ತೆನೂ ಹಿಂಗೇ ಕಣ್ರೀ” ಎಂದರು. ನಾನು ಹೌದೌದು ಎಂದೆ.

ವಾಪಸ್ಸು ಹೊರಟಾಗ ತಂಗಿಯ ಗಂಡ ಕಾರು ಓಡಿಸುತ್ತಿದ್ದರು. ತಂಗಿ ಅವರ ಪಕ್ಕ, ನಾನು ಹಿಂದೆ. ಅವಳು ಖುಷಿಯಾಗಿದ್ದಳು. ಅವರು ರಸ್ತೆಯನ್ನೇ ನೋಡುತ್ತಿದ್ದರು.

“ಯಾಕೆ, ಚೆನ್ನಾಗಿರ್ಲಿಲ್ವಾ?”

“ಛಲೋ ಇತ್ತು” ಎಂದರು. “ಅಣ್ಣ ಫೋನ್ ಮಾಡಿದ್ದ. ಅವ್ವನ್ನ ಡಾಕ್ಟರ್ ಕಡೆ ತೋರಿಸ್ತಾನಂತ. ಮರವಿಂದು. ಈಗ ಒಬ್ಬಾಕಿನ್ನ ಬಿಡೂದಿಲ್ಲಂತ. ಗ್ಯಾಸ್ ಹಚ್ಚೂ ಲೈಟರ್ ದೊಡ್ಡ ಸೊಸಿ ಎತ್ತಿಟ್ಟಾಳಂತ, ಮರ್ತು ಮನಿ ಸುಟ್ಟೀಯಾ ಅಂತ. ಅವ್ವಾನೂ ಸುಮ್ನ ಕೊಟ್ಟಾಳ. ನನಗೂ ನನ್ನ ಮ್ಯಾಲೆ ನಂಬಿಕಿ ಇಲ್ಲ ಅಂದಳಂತ.”

ಮುಂದೆ ಕೆಂಪು ದೀಪ ಬಿತ್ತು. ಕಾರು ನಿಂತಿತು.

“ಬಾವಿಗೆ ಹಾಕಿದ್ದು ನಾನು” ಎಂದೆ.

“ಏನಕ್ಕಾ?”

“ಹೂವು, ಕಾಯಿ, ಗಣ್ಪತಿ. ಪೈಪ್ ಬಿಟ್ಟಿದ್ದೂ ನಾನೇ.”

ಹಸಿರು ದೀಪ ಬಂದು, ಹಿಂದಿನವರು ಹಾರನ್ ಹೊಡೆದರು. ಅಲ್ಲಿ ಯಾರೂ ಸುಮ್ಮಸುಮ್ಮನೆ ಹಾರನ್ ಹೊಡೆಯುವುದಿಲ್ಲ, ಆದ್ದರಿಂದ ಬಹಳ ಹೊತ್ತು ನಿಂತಿದ್ದೆವು ಎಂದು ಕಾಣುತ್ತದೆ.

“ಬಕೆಟ್ ಅಂದೆ” ಎಂದಳು ತಂಗಿ.

“ಅಂದೆ.”

“ದಿನಾ ಸಾಯಂಕಾಲ ನಿನ್ ಮುಂದೆ ಕೂತು ಬಾಯ್ ಬಡ್ಕೊಂಡು ಇದನ್ನೇ ಹೇಳ್ತಿದ್ನಲ್ಲ ಅಕ್ಕ! ಕೇಳಿಸ್ಕೊಳ್ತಾನೇ ಇರ್ಲಿಲ್ವಾ ನೀನು?”

“ಕೇಳಿಸ್ಕೊಳ್ತಿದ್ದೆ.”

“ನಗ್ತಿದ್ದೆ!”

“ಆಗಿನೋರನ್ನ ನೋಡಿ ನಗ್ತಿದ್ದೆ.”

ಅವಳು ಮುಂದಕ್ಕೆ ತಿರುಗಿಕೊಂಡಳು. ತೊಡೆಯ ಮೇಲಿದ್ದ ಹಾಳೆಗಳನ್ನು ಸರಿಮಾಡಿದಳು, ಆಗಲೇ ಸರಿಯಾಗಿದ್ದವು. “ಒಂದೇ ಒಂದ್ ಬಾವಿ ಇತ್ತಲ್ಲೇ ನಂಗೆ” ಎಂದಳು. ಆಮೇಲೆ, “ಅತ್ತೆ ಅಂತ ಇರೋ ಕಡೆಯೆಲ್ಲ ಅಕ್ಕ ಅಂತ ಹಾಕ್ತೀನಿ” ಎಂದಳು.

“ಹಾಕು.”

“ಹಾಕ್ತೀನಿ.”

ಅವಳ ಗಂಡ ಒಂದು ಅಂಗಡಿಯ ಪಾರ್ಕಿಂಗಿಗೆ ಕಾರು ತಿರುಗಿಸಿ ನಿಲ್ಲಿಸಿದರು. ಧಾರವಾಡದಲ್ಲಿ ಆಗ ಬೆಳಕು ಹರಿಯುವ ಹೊತ್ತು. ತಾಯಿಯ ನಂಬರ್ ಒತ್ತಿ, ಫೋನನ್ನು ಹಿಂದಕ್ಕೆ ನನ್ನ ಕೈಗೆ ಕೊಟ್ಟರು. “ನೀವಾ ಹೇಳ್ರಿ” ಎಂದರು, ನನ್ನ ಮುಖ ನೋಡದೆ.

“ಯಾರವಾ? ಮಂಡ್ಯದಾಕಿನಾ? ಇಷ್ಟ ನಸಿಕಿನ್ಯಾಗ?” ಎಂದರು ಅವರು.

ನಾನು ಹೇಳಿದೆ. ಎಲ್ಲಾ ಹೇಳಿದೆ. ಪಾಪ ಅಂದದ್ದನ್ನೂ ಹೇಳಿದೆ.

“ಹಂಗಾದ್ರ ನಾ ಹೂವಾ ಒಣಗಿಸಿ ತಂದು ಹೊಳಿಗೆ ಬಿಟ್ಟಿದ್ದು ಖರೇನ?”

“ನೀವು ನೆನಪಿದೆ ಅಂದ್ರೆ ಖರೇನೇ ಅಮ್ಮ.”

“ನೆನಪೈತಿ. ಹೊಳಿ ದಂಡ್ಯಾಗ ಕಾಲು ಜಾರಿತ್ತು, ಅದೂ ನೆನಪೈತಿ. ಕನಸು ಕಂಡೀಬೇ ಅಂದ್ರು ಇವರು. ಹಂಗಾದ್ರ ನನಗ ಮರವು ಬಂದಿಲ್ಲ” ಎಂದರು.

“ಇಲ್ಲಮ್ಮ.”

“ಇನ್ನೊಮ್ಮಿ ಹೇಳು.”

“ಬಂದಿಲ್ಲಮ್ಮ. ತಪ್ಪು ನಂದು.”

“ನಿಂದಾ ಮತ್ತ! ಎಂಥಾ ಹೆಣ್ಣವಾ ನೀ? ಒಣಾ ಬಾವ್ಯಾಗ ಯಾರರ ಗಣಪ್ಪನ್ನ ಬಿಡ್ತಾರೇನು? ಆ ದೇವ್ರು ಏನ್ ಪಾಪ ಮಾಡಿದ್ದ?” ದನಿ ಏರುತ್ತ ಹೋಯಿತು. ನಾನು ಬೈಸಿಕೊಂಡೆ. ಮುಂದಿನ ಸೀಟಿನಲ್ಲಿ ಇಬ್ಬರೂ ಕಿಟಕಿಯಾಚೆ ನೋಡುತ್ತಿದ್ದರು. “ಫೋನ್ ಇಡಬ್ಯಾಡ. ಸೊಸಿ ಎದ್ದಾಳ. ಆಕಿ ಮುಂದ ಹೇಳು.”

ಸೊಸೆಗೆ ಮೊದಲಿನಿಂದ ಹೇಳಿದೆ. ಆಮೇಲೆ ದೊಡ್ಡ ಮಗನನ್ನು ಎಬ್ಬಿಸಿದರು, ಅವರಿಗೂ ಮೊದಲಿನಿಂದ ಹೇಳಿದೆ. ಮೊಟಕು ಮಾಡಿದರೆ ಹಿಂದಿನಿಂದ “ಪೈಪಿಂದು ಬಿಟ್ಟಿ, ಹೇಳು” ಎಂದು ತಾಯಿಯ ದನಿ ಬರುತ್ತಿತ್ತು. ಮಗ ಹ್ಞೂಂ ಹ್ಞೂಂ ಎಂದು ಕೇಳಿ, ಕೊನೆಗೆ ಫೋನನ್ನು ತಾಯಿಗೆ ಕೊಟ್ಟರು.

ಆ ಕಡೆ ಯಾರೋ ಡಬ್ಬಿ ತೆಗೆದ ಸದ್ದಾಯಿತು. ಟಿಕ್, ಟಿಕ್ ಎಂದಿತು ಲೈಟರು, ಆಮೇಲೆ ಒಲೆ ಹೊತ್ತಿಕೊಂಡ ಸದ್ದು.

“ಚಾ ಇಟ್ಟೆ” ಎಂದರು ಅವರು. “ತಡಿ, ಈಗ ಹಾಲಿನಾಕಿ ಬರ್ತಾಳ. ಆಕಿಗೂ ಹೇಳುವಂತಿ.”